ಅಜ್ಜಿಗೂ ಅಲ್ಲಿ ನೀರು ಬೇಕಾ ಅಂತ ಮಗು ಕೇಳಿತು. ಏನು ಹೇಳಲಿ?

ಭಾನುವಾರದ ಟೀಚರ್

ಎಲ್ಲರಿಗೂ ವಂದನೆ. ನಮ್ಮ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, 11 ವರ್ಷದಿಂದ ಸಂಡೇ ಸ್ಕೂಲ್ ಪಾಠ ಮಾಡುತ್ತಿದ್ದೇನೆ. ಮೊನ್ನೆ ಭಾನುವಾರ ಬೈಬಲ್‌ನ ಲೂಕ 16ರ ಐಶ್ವರ್ಯವಂತ ಮತ್ತು ಲಾಜರನ ಕತೆ ಇತ್ತು. ನಿಮಗೆ ಗೊತ್ತಿರುವುದೇ. ಬಾಗಿಲಲ್ಲಿ ಮೈತುಂಬ ಹುಣ್ಣಾಗಿ ಬಿದ್ದಿದ್ದ ಲಾಜರ ಸತ್ತು ಅಬ್ರಹಾಮನ ಹತ್ತಿರ ಹೋಗುತ್ತಾನೆ. ದಿನಾ ಹಬ್ಬದೂಟ ಉಣ್ಣುತ್ತಿದ್ದ ಸಾಹುಕಾರ ಉರಿಯಲ್ಲಿ ಬಿದ್ದು, ಲಾಜರ ಬೆರಳ ತುದಿಯನ್ನು ನೀರಲ್ಲಿ ಅದ್ದಿ ನನ್ನ ನಾಲಿಗೆ ತಣ್ಣಗೆ ಮಾಡಲಿ ಅಂತ ಬೇಡುತ್ತಾನೆ.

ಪಾಠ ಮುಗಿಯುವ ಹೊತ್ತಿಗೆ ಎರಡನೇ ಕ್ಲಾಸಿನ ಹುಡುಗಿಯೊಬ್ಬಳು ಕೈ ಎತ್ತಿದಳು. ಅವಳ ಅಮ್ಮ ಮದುವೆಯಾದ ಮೇಲೆ ಸಭೆಗೆ ಬಂದವರು. ಅಮ್ಮನ ಅಮ್ಮ ಕೊನೇವರೆಗೂ ತುಳಸಿಕಟ್ಟೆಗೆ ದೀಪ ಇಟ್ಟವರು, ಈ ಮಳೆಗಾಲದಲ್ಲಿ ತೀರಿಕೊಂಡರು. "ಟೀಚರ್, ನಮ್ಮಜ್ಜಿನೂ ಅಲ್ಲೇ ಇದ್ದಾರಾ? ಅವರಿಗೂ ನೀರು ಬೇಕಾ? ಆಸ್ಪತ್ರೆಯಲ್ಲಿ ನಾನೇ ಚಮಚದಲ್ಲಿ ಕುಡಿಸ್ತಿದ್ದೆ."

"ದೇವರಿಗೆ ಗೊತ್ತು ಪುಟ್ಟಿ" ಅಂದೆ. ಬಣ್ಣ ಹಚ್ಚುವ ಹಾಳೆ ಕೈಗೆ ಕೊಟ್ಟುಬಿಟ್ಟೆ. ಮನೆಗೆ ಬಂದ ಮೇಲೆ ನಾಚಿಕೆ ಆಯಿತು. ಮಗುವಿನಿಂದ ಓಡಿ ಬಂದ ಹಾಗೆ ಅನಿಸಿತು.

ಎರಡು ಪ್ರಶ್ನೆ. ಮುಂದಿನ ವಾರ ಅವಳಿಗೆ ಏನು ಹೇಳಲಿ? ಇನ್ನೊಂದು ನನ್ನದೇ. ನರಕ ಇದೆ ಅಂತ ನಂಬುವವಳು ನಾನು. ಆದರೆ ಸೋಮವಾರದಿಂದ ಶನಿವಾರದವರೆಗೆ ನನ್ನ ಬದುಕಲ್ಲಿ ಆ ನಂಬಿಕೆ ಎಲ್ಲೂ ಕಾಣುವುದಿಲ್ಲ. ನಿಜವಾಗಿ ನಂಬುವವರು ಹೇಗೆ ಬದುಕಬೇಕು?

ಇಕ್ಕಟ್ಟಾದ ಬಾಗಿಲು

ಟೀಚರ್, ಮಗುವಿಗೆ ಸಮಾಧಾನ ಹೇಳಿ. ಆದರೆ ಸುಳ್ಳು ಹೇಳಬೇಡಿ. ಈಗಿನ ಸಭೆಗಳಲ್ಲಿ ನರಕದ ಮಾತೇ ಇಲ್ಲ. ಆಶೀರ್ವಾದ, ಕೆಲಸ, ವೀಸಾ, ಇಷ್ಟೇ. ಹೊಸ ಒಡಂಬಡಿಕೆಯಲ್ಲಿ ನರಕದ ಬಗ್ಗೆ ಜಾಸ್ತಿ ಮಾತಾಡಿದ್ದು ಪೌಲನೂ ಅಲ್ಲ, ಪೇತ್ರನೂ ಅಲ್ಲ. ಯೇಸು ಸ್ವಾಮಿಯೇ. ಮತ್ತಾಯ 25:46ರಲ್ಲಿ ನಿತ್ಯದಂಡನೆ, ನಿತ್ಯಜೀವ ಎರಡೂ ಒಂದೇ ವಾಕ್ಯದಲ್ಲಿವೆ. ಎರಡಕ್ಕೂ ಮೂಲದಲ್ಲಿ ಒಂದೇ ಪದ. ಒಂದು ಕೊನೆಯಾಗುತ್ತದೆ, ಇನ್ನೊಂದು ಕೊನೆಯಾಗುವುದಿಲ್ಲ ಅಂತ ಹೇಗೆ ಹೇಳುತ್ತೀರಿ ಅಂತ ಬಿಷಪ್ ಸಂತ ಅಗಸ್ಟೀನ್ 5ನೇ ಶತಮಾನದಲ್ಲೇ ಕೇಳಿದ್ದಾರೆ.

ಪಕ್ಕದ ಮನೆಗೆ ಬೆಂಕಿ ಬಿದ್ದಾಗ, ಅವರಿಗೆ ಬೇಜಾರಾಗುತ್ತದೆ ಅಂತ ಬಾಗಿಲು ತಟ್ಟದೆ ಇರುತ್ತೀರಾ? ನಿಮ್ಮ ಎರಡನೇ ಪ್ರಶ್ನೆಗೆ ನನ್ನ ಉತ್ತರ ಅದೇ. ನಂಬುವವರು ಬಾಗಿಲು ತಟ್ಟಬೇಕು.

ಇದನ್ನು ಹಗುರವಾಗಿ ಬರೆಯುತ್ತಿಲ್ಲ. ನನ್ನ ಅಪ್ಪ ನಂಬದೆಯೇ ಹೋದರು.

ಬಳ್ಳಾರಿ ಬಿಸಿಲು

ಮೊದಲು ಒಂದು ಪದದ ವಿಷಯ. ಟೀಚರ್, ನಿಮ್ಮ ಕನ್ನಡ ಬೈಬಲ್ ತೆಗೆದು ನೋಡಿ. ಲೂಕ 16ರ ಸಾಹುಕಾರ ಇರುವುದು ನರಕದಲ್ಲಿ ಅಲ್ಲ, ಪಾತಾಳದಲ್ಲಿ. ನಾವು ಎರಡನ್ನೂ ಕಲಸಿ ಒಂದೇ ಮುದ್ದೆ ಮಾಡಿಬಿಟ್ಟಿದ್ದೇವೆ.

ಹೀಬ್ರೂವಿನ ಷಿಯೋಲ್, ಗ್ರೀಕಿನ ಹೇಡಿಸ್. ಇವು ಸತ್ತವರ ಲೋಕ. ಇದಕ್ಕೆ ನಮ್ಮ ಬೈಬಲ್ ಪಾತಾಳ ಅನ್ನುತ್ತದೆ. ಹಳೇ ಒಡಂಬಡಿಕೆಯಲ್ಲಿ ಒಳ್ಳೆಯವರೂ ಅಲ್ಲಿಗೇ ಹೋಗುತ್ತಾರೆ. ಯೋಸೇಫ ಸತ್ತ ಅಂತ ತಿಳಿದ ಅವನ ಅಪ್ಪ ಯಾಕೋಬ, ಅಳುತ್ತಲೇ ಪಾತಾಳಕ್ಕೆ ಇಳಿದು ಮಗನ ಹತ್ತಿರ ಹೋಗುತ್ತೇನೆ ಅನ್ನುವುದು ನೆನಪಿದೆಯಾ? ಪ್ರಕಟನೆ 20ರಲ್ಲಿ ಈ ಪಾತಾಳವನ್ನೇ ಬೆಂಕಿಯ ಕೆರೆಗೆ ಎಸೆಯುತ್ತಾರೆ. ಎರಡೂ ಒಂದೇ ಆಗಿದ್ದರೆ ಯಾವುದನ್ನು ಯಾವುದಕ್ಕೆ ಎಸೆದ ಹಾಗಾಯಿತು?

ಇನ್ನು ಗೆಹೆನ್ನ. ನಮ್ಮ ಬೈಬಲ್‌ನಲ್ಲಿ ಇದೇ ನರಕ. ಇದೊಂದು ನಿಜವಾದ ಜಾಗ. ಯೆರೂಸಲೇಮಿನ ದಕ್ಷಿಣಕ್ಕಿರುವ ಹಿನ್ನೋಮ್ ಕಣಿವೆ. ಅಲ್ಲಿ ತೋಫೆತ್ ಅನ್ನುವ ಕಡೆ ಜನ ತಮ್ಮ ಮಕ್ಕಳನ್ನೇ ಬೆಂಕಿಗೆ ಕೊಡುತ್ತಿದ್ದರು. "ನಾನು ಇದನ್ನು ಹೇಳಲಿಲ್ಲ, ಇದು ನನ್ನ ಮನಸ್ಸಿಗೂ ಬರಲಿಲ್ಲ" ಅಂತ ಯೆರೆಮೀಯ 7ರಲ್ಲಿ ದೇವರ ಮಾತಿದೆ. ರಾಜ ಯೋಷೀಯ ಬಂದು ಆ ಜಾಗವನ್ನು ಕೆಡಿಸಿದ. ಅಂದರೆ ನರಕ ಅನ್ನುವ ಪದದ ಬೇರು, ದೇವರ ಹೆಸರಲ್ಲಿ ಮಕ್ಕಳನ್ನು ಸುಟ್ಟ ಜಾಗ. ನಾವು ಮಕ್ಕಳ ಮುಂದೆ ಆ ಪದ ಬಳಸುವಾಗ ಸ್ವಲ್ಪ ತಡೆದು ಬಳಸಬೇಕು ಅಲ್ವಾ?

(ಗೆಹೆನ್ನ ಅಂದರೆ ಊರಿನ ಕಸ ಸದಾ ಉರಿಯುತ್ತಿದ್ದ ತಿಪ್ಪೆ ಅಂತ ಬಹಳ ಪ್ರಸಂಗಗಳಲ್ಲಿ ಕೇಳಿರುತ್ತೀರಿ. ಆ ಮಾತು ಸಿಗುವುದು ಸುಮಾರು 1200ರ ಹೊತ್ತಿಗೆ ಡೇವಿಡ್ ಕಿಮ್ಹಿ ಎಂಬ ಯೆಹೂದಿ ಪಂಡಿತರ ಬರಹದಲ್ಲಿ. ಅಗೆತದಲ್ಲಿ ಅದಕ್ಕೆ ಸರಿಯಾದ ಸಾಕ್ಷಿ ಸಿಕ್ಕಿಲ್ಲ. ನಾನೂ ಒಂದು ಪ್ರಸಂಗದಲ್ಲಿ ಹೇಳಿ ತಪ್ಪು ಮಾಡಿದ್ದೇನೆ.)

ಅಗೆದಾಗ ಸಿಕ್ಕಿದ್ದು ಬೇರೆ. 1979ರಲ್ಲಿ ಪುರಾತತ್ವಜ್ಞ ಗೇಬ್ರಿಯಲ್ ಬಾರ್ಕೈ ಅವರ ತಂಡ ಅದೇ ಕಣಿವೆಯ ಮೇಲಿನ ಸಮಾಧಿ ಗುಹೆಯಲ್ಲಿ ಬೆಳ್ಳಿಯ ಎರಡು ಪುಟಾಣಿ ಸುರುಳಿ ಕಂಡಿತು. ನಮ್ಮಲ್ಲಿ ಮಕ್ಕಳ ಕೊರಳಿಗೆ ಕಟ್ಟುವ ತಾಯತದ ಹಾಗೆ. ಸುಮಾರು 2600 ವರ್ಷ ಹಳೆಯವು. ಬಿಡಿಸಿ ಓದಿದರೆ ಅರಣ್ಯಕಾಂಡ 6ರ ಆಶೀರ್ವಾದ. ಯೆಹೋವನು ನಿನ್ನನ್ನು ಆಶೀರ್ವದಿಸಿ ಕಾಪಾಡಲಿ ಅನ್ನುತ್ತೇವಲ್ಲ, ಆರಾಧನೆಯ ಕೊನೆಯಲ್ಲಿ, ಅದೇ. ಇವತ್ತು ಉಳಿದಿರುವ ಬೈಬಲ್ ಮಾತುಗಳಲ್ಲೇ ಅತಿ ಹಳೆಯ ಪ್ರತಿ ಸಿಕ್ಕಿದ್ದು ನರಕ ಅನ್ನುವ ಕಣಿವೆಯ ದಂಡೆಯಲ್ಲಿ. ಇದರಿಂದ ಯಾವ ಸಿದ್ಧಾಂತವನ್ನೂ ಕಟ್ಟಲು ಆಗುವುದಿಲ್ಲ, ಗೊತ್ತು. ಆದರೂ ನಾನು ಇದನ್ನು ಆಗಾಗ ನೆನೆಸಿಕೊಳ್ಳುತ್ತೇನೆ.

ಹೊರಗಿನವನು

ನಾನು ಕ್ರೈಸ್ತನಲ್ಲ. ಸುಮ್ನೆ ಓದಿ ಹೋಗುವವನು. ತಪ್ಪಿದ್ದರೆ ಹೇಳಿ.

ನರಕ ನಮ್ಮ ಕಡೆಯ ಪದ. ಯಮ, ಚಿತ್ರಗುಪ್ತ, ಕಾದ ಎಣ್ಣೆ ಕೊಪ್ಪರಿಗೆ ಎಲ್ಲ ಅಜ್ಜಿ ಕತೆಯಲ್ಲಿ ಕೇಳಿದ್ದೇವೆ. ಆದರೆ ನಮ್ಮ ನರಕಕ್ಕೆ ಒಂದು ಕೊನೆ ಇದೆ. ಮಾಡಿದ್ದು ಉಂಡು ಮುಗಿಸಿ ಮತ್ತೆ ಹುಟ್ಟಿ ಬರಬೇಕು. ನಿಮ್ಮದಕ್ಕೆ ಕೊನೆಯೇ ಇಲ್ಲ ಅನ್ನುವುದು ನನಗೆ ನುಂಗಲು ಕಷ್ಟ.

ಇನ್ನೊಂದು. ನನ್ನ ಅಮ್ಮ ತೀರಿಕೊಂಡ ಮೂರನೇ ದಿನ, ಗುರುತಿಲ್ಲದ ಒಬ್ಬರು ಗೇಟಿನ ಹತ್ತಿರ ನನ್ನ ಕೈಗೆ ಕರಪತ್ರ ಕೊಟ್ಟರು. ಮೇಲೆ ಬೆಂಕಿಯ ಚಿತ್ರ. "ನೀವು ಸತ್ತರೆ ಎಲ್ಲಿಗೆ?" ಅವರಿಗೆ ನಮ್ಮ ಮನೆ ಸಾವಿನ ಮನೆ ಅಂತ ಗೊತ್ತಿರಲಿಲ್ಲ ಇರಬಹುದು. ಅದೇ ದಿನ ಎದುರು ಮನೆಯ ಆಂಟಿ ಅನ್ನ, ಸಾರು ಕ್ಯಾರಿಯರ್‌ನಲ್ಲಿ ತಂದಿದ್ದರು. ನಮ್ಮಲ್ಲಿ ಒಲೆ ಹಚ್ಚಿರಲಿಲ್ಲ. ಅವರೂ ನಿಮ್ಮ ಕಡೆಯವರೇ. ತಪ್ಪದೆ ಚರ್ಚಿಗೆ ಹೋಗುವವರು. ಅವರು ನಮಗೆ ನರಕದ ವಿಷಯ ಹೇಳಿದ್ದೇ ಇಲ್ಲ. ಇಬ್ಬರಲ್ಲಿ ಯಾರು ನರಕವನ್ನು ಜಾಸ್ತಿ ನಂಬಿದ್ದರು ಅಂತ ನನಗೆ ಗೊತ್ತಿಲ್ಲ. ಯಾರನ್ನು ಮತ್ತೆ ಮನೆಗೆ ಕರೆಯುತ್ತೇನೆ ಅನ್ನುವುದು ಗೊತ್ತು.

ಬಸವಣ್ಣನವರು "ಅಯ್ಯಾ ಎಂದರೆ ಸ್ವರ್ಗ, ಎಲವೋ ಎಂದರೆ ನರಕ" ಅಂದರು. ನಿಮ್ಮಲ್ಲಿ ಅಂಥದ್ದು ಏನಾದರೂ ಇದೆಯಾ?

ಬಳ್ಳಾರಿ ಬಿಸಿಲು

ಇದೆ ಸ್ವಾಮಿ. ಥೇಟ್ ಹಾಗೇ ಇದೆ. ಮತ್ತಾಯ 5:22. ಸಹೋದರನನ್ನು "ಮೂರ್ಖ" ಅಂದವನು ಅಗ್ನಿನರಕಕ್ಕೆ ಗುರಿಯಾಗುತ್ತಾನೆ. ಎಲವೋ ಎಂದರೆ ನರಕ!

ಗೆಹೆನ್ನ ಪದ ಹೊಸ ಒಡಂಬಡಿಕೆಯಲ್ಲಿ 12 ಸಲ ಬರುತ್ತದೆ. 11 ಯೇಸುವಿನ ಬಾಯಲ್ಲಿ, ಒಂದು ಯಾಕೋಬನ ಪತ್ರದಲ್ಲಿ. ಅದೂ ನಾಲಿಗೆಯ ಬಗ್ಗೆಯೇ. ಅದಕ್ಕೆ ಬೆಂಕಿ ಹಚ್ಚುವುದು ನರಕ ಅನ್ನುತ್ತಾನೆ. ಪೌಲ ಅಷ್ಟೊಂದು ಊರು ಸುತ್ತಿ ಸುವಾರ್ತೆ ಸಾರಿದವನು. ಅವನ ಪತ್ರಗಳಲ್ಲಿ ಆ ಪದ ಒಮ್ಮೆಯೂ ಇಲ್ಲ.

ಒಂದು ಸಂಜೆ ಕೂತು ಆ 11 ಕಡೆ ಪೆನ್ಸಿಲ್‌ನಲ್ಲಿ ಗುರುತು ಮಾಡಿದೆ. ಯಾರಿಗೆ ಹೇಳಿದ್ದು ಅಂತ ಪಕ್ಕದಲ್ಲಿ ಬರೆದೆ. ಬಹುಪಾಲು ಶಿಷ್ಯರಿಗೆ. ಉಳಿದದ್ದು ಶಾಸ್ತ್ರಿಗಳಿಗೆ, ಫರಿಸಾಯರಿಗೆ. ಅಂದರೆ ಮನೆಯವರಿಗೆ ಮತ್ತು ಮನೆಯ ಹಿರಿಯರಿಗೆ. ರೋಮಿನ ಶತಾಧಿಪತಿಗೆ ಇಲ್ಲ. ಬಾವಿ ಹತ್ತಿರ ಸಿಕ್ಕ ಸಮಾರ್ಯದ ಹೆಂಗಸಿಗೆ ಇಲ್ಲ. ಕಾನಾನ್ಯದ ತಾಯಿಗೆ ಇಲ್ಲ. ಸಮಾರ್ಯದ ಒಂದು ಹಳ್ಳಿ ಸೇರಿಸದಿದ್ದಾಗ, ಆಕಾಶದಿಂದ ಬೆಂಕಿ ಬೀಳಿಸೋಣವಾ ಅಂತ ಕೇಳಿದ್ದು ಶಿಷ್ಯರಾದ ಯಾಕೋಬ ಮತ್ತು ಯೋಹಾನ. ಗದರಿಸಿಕೊಂಡವರೂ ಅವರೇ.

ಬಾಗಿಲು ಅವರೇ, ನಿಮ್ಮ ಹೆಸರಲ್ಲೇ ಉತ್ತರ ಇದೆ. ಲೂಕ 13ರಲ್ಲಿ ಒಬ್ಬ ಕೇಳುತ್ತಾನೆ: ರಕ್ಷಣೆ ಹೊಂದುವವರು ಸ್ವಲ್ಪ ಜನರೋ? ಯೇಸು ಲೆಕ್ಕ ಕೊಡಲಿಲ್ಲ. ಇಕ್ಕಟ್ಟಾದ ಬಾಗಿಲಿಂದ ಒಳಗೆ ಹೋಗಲು ನೀವು ಹೆಣಗಾಡಿ ಅಂದುಬಿಟ್ಟ.

ಉಪ್ಪು

ನನ್ನದು ಬೇರೆ ಕತೆ. ನನಗೆ ಆಗ 9 ವರ್ಷ. ಮೂರು ದಿನದ ಉಜ್ಜೀವನ ಕೂಟ. ಇವತ್ತು ರಾತ್ರಿ ಲಾರಿ ಗುದ್ದಿ ಸತ್ತರೆ ಎಲ್ಲಿರುತ್ತೀಯ ಅಂತ ಮೈಕಿನಲ್ಲಿ ಕೂಗಿದರು. ಮೂರೂ ದಿನ ಮುಂದೆ ಹೋಗಿ ಮೊಣಕಾಲೂರಿದೆ. ಮೊದಲ ಸಲ ಸರಿಯಾಗಿ ಆಗಲಿಲ್ಲವೇನೋ ಅಂತ ಅನುಮಾನ. ಆಮೇಲೆ ವರ್ಷಗಟ್ಟಲೆ, ಶಾಲೆಯಿಂದ ಬಂದಾಗ ಅಮ್ಮ ಮನೆಯಲ್ಲಿ ಇಲ್ಲದಿದ್ದರೆ ಎದೆ ಧಸಕ್ ಅನ್ನುತ್ತಿತ್ತು. ಯೇಸು ಬಂದು ಎಲ್ಲರನ್ನೂ ಮೇಲಕ್ಕೆ ಕರೆದುಕೊಂಡು ಹೋಗಿಬಿಟ್ಟರು, ನಾನೊಬ್ಬ ಉಳಿದೆ ಅಂತ. ಅಮ್ಮ ಪಕ್ಕದ ಮನೆಯಲ್ಲಿ ಹಿಟ್ಟು ರುಬ್ಬುತ್ತಿರುತ್ತಿದ್ದರು.

ಭಯದಿಂದ ನಾನು ಒಳ್ಳೆಯ ಹುಡುಗ ಆದೆ ನಿಜ. ಸುಳ್ಳು ಹೇಳಲಿಲ್ಲ, ಕದಿಯಲಿಲ್ಲ. ಆದರೆ ಯಾರನ್ನೂ ಪ್ರೀತಿಸಲೂ ಇಲ್ಲ, ಎಲ್ಲ ಕಡೆ ಲೆಕ್ಕ ನೋಡುತ್ತಿದ್ದೆ. 20 ದಾಟಿದ ಮೇಲೆ ಒಂದು ದಿನ ಆ ಭಯ ಬಿಟ್ಟುಹೋಯಿತು. ಅದರ ಜೊತೆ ದೇವರೂ ಹೋದರು. ಮತ್ತೆ ಬಂದದ್ದು ಬಹಳ ನಿಧಾನವಾಗಿ, ಬೇರೆ ದಾರಿಯಲ್ಲಿ.

ಮತ್ತಾಯ 18 ಓದಿ. ಚಿಕ್ಕವರನ್ನು ಎಡವಿಸುವವನ ಕೊರಳಿಗೆ ಬೀಸುವ ಕಲ್ಲು ಕಟ್ಟಿ ಸಮುದ್ರಕ್ಕೆ ಹಾಕುವುದೇ ಲೇಸು ಅಂತ ಇದೆ. ನರಕದ ಮಾತು ಬರುವುದು ಅದರ ಬೆನ್ನಿಗೇ. ಸಭೆಯೊಳಗೆ ಮಕ್ಕಳಿಗೆ ಕೆಡುಕು ಮಾಡಿದವರನ್ನು "ಸಭೆಯ ಹೆಸರು ಹಾಳಾಗುತ್ತೆ" ಅಂತ ಮುಚ್ಚಿಡುವ ಹಿರಿಯರಿದ್ದಾರಲ್ಲ, ಅವರಿಗೆ ಯಾರೂ ಆ ಕರಪತ್ರ ಕೊಡುವುದಿಲ್ಲ.

ಕುಡ್ಲದ ಮಳೆ

ನಾವು ಮಂಗಳೂರಿನ ಕಥೋಲಿಕರು. ಮನೆಮಾತು ಕೊಂಕಣಿ. ನಮ್ಮಲ್ಲಿ ನರಕಕ್ಕೆ ಯೆಮ್ಕೊಂಡ್ ಅನ್ನುತ್ತಾರೆ. ಯಮನ ಕುಂಡ! ಹೊರಗಿನವರೇ, ನಿಮ್ಮ ಯಮರಾಯರು ನಮ್ಮ ಜಪಸರದೊಳಗೂ ಕೂತಿದ್ದಾರೆ ನೋಡಿ.

ಜಪಸರದಲ್ಲಿ ಪ್ರತಿ ಹತ್ತು ಮಣಿಗೆ ಒಮ್ಮೆ ಒಂದು ಪುಟ್ಟ ಪ್ರಾರ್ಥನೆ ಬರುತ್ತದೆ. 1917ರಲ್ಲಿ ಪೋರ್ಚುಗಲ್‌ನ ಫಾತಿಮಾದಲ್ಲಿ ಆದ ಮರಿಯಮ್ಮನ ದರ್ಶನದಿಂದ ಬಂದದ್ದು. ನಮ್ಮನ್ನು ನರಕದ ಬೆಂಕಿಯಿಂದ ಕಾಪಾಡು, ಎಲ್ಲ ಆತ್ಮಗಳನ್ನೂ ಸ್ವರ್ಗಕ್ಕೆ ಸೇರಿಸು, ನಿನ್ನ ದಯೆ ಜಾಸ್ತಿ ಬೇಕಾದವರನ್ನು ಮುಖ್ಯವಾಗಿ, ಅಂತ ಅರ್ಥ. ಚಿಕ್ಕಂದಿನಲ್ಲಿ ನಿದ್ದೆಗಣ್ಣಲ್ಲಿ ಹೇಳುತ್ತಿದ್ದೆವು. ಈಗ ಕಿವಿಗೊಟ್ಟು ಕೇಳಿದರೆ ಆಶ್ಚರ್ಯ ಆಗುತ್ತದೆ. ಬೆಂಕಿಯಿಂದ ಕಾಪಾಡು ಅಂತ ಕೇಳುವುದು "ನಮ್ಮನ್ನು". ಸ್ವರ್ಗಕ್ಕೆ ಸೇರಿಸು ಅಂತ ಕೇಳುವುದು "ಎಲ್ಲರನ್ನೂ".

ನಮ್ಮ ಧರ್ಮಸಭೆ ಸಾವಿರಾರು ಜನರನ್ನು ಹೆಸರು ಹಿಡಿದು ಸಂತರು ಅಂದಿದೆ. ಇಂಥ ಮನುಷ್ಯ ನರಕದಲ್ಲಿ ಇದ್ದಾನೆ ಅಂತ ಒಬ್ಬರ ಹೆಸರನ್ನೂ ಅಧಿಕೃತವಾಗಿ ಘೋಷಿಸಿಲ್ಲ. ಹಾಗಂತ ನರಕ ಇಲ್ಲ ಅಂತಲೂ ಹೇಳುವುದಿಲ್ಲ. ದೇವರಿಂದ ತಾನಾಗಿ ದೂರ ಹೋದವನ ಸ್ಥಿತಿ ಅದು, ಒಂದು ಜಾಗ ಅನ್ನುವುದಕ್ಕಿಂತ ಹೆಚ್ಚಾಗಿ, ಅಂತ 1999ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ವಿವರಿಸಿದ್ದರು. ಇನ್ನು ಆ ಮಗುವಿನ ಅಜ್ಜಿಯಂಥವರು. ತಮ್ಮ ತಪ್ಪಿಲ್ಲದೆ ಸುವಾರ್ತೆ ಅರಿಯದೆ ಹೋಗಿ, ಪ್ರಾಮಾಣಿಕ ಮನಸ್ಸಿನಿಂದ ದೇವರನ್ನು ಹುಡುಕಿ, ಮನಸ್ಸಾಕ್ಷಿಗೆ ತಕ್ಕಂತೆ ಬದುಕಿದವರೂ ರಕ್ಷಣೆ ಹೊಂದಬಲ್ಲರು ಅಂತ ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲೇ ಬರೆದಿಟ್ಟಿದೆ.

ನವೆಂಬರ್ 2ಕ್ಕೆ ಸಮಾಧಿಗಳಿಗೆ ಹೂವಿಟ್ಟು ಮೊಂಬತ್ತಿ ಹಚ್ಚುತ್ತೇವೆ. ಪಕ್ಕದಲ್ಲಿ ಯಾರೂ ಬಾರದ ಸಮಾಧಿ ಇದ್ದರೆ ನನ್ನ ಅಮ್ಮ ಅಲ್ಲೂ ಒಂದು ಹಚ್ಚುತ್ತಿದ್ದರು. ಯಾರದು ಅಂತ ಕೇಳುತ್ತಿರಲಿಲ್ಲ.

ಎರಡನೇ ಮರಣ

ನಿತ್ಯ ಯಾತನೆ ಅನ್ನುವುದೇ ಒಂದೇ ಅರ್ಥ ಅಂತ ಯಾಕೆ ಹಿಡಿದುಕೊಂಡಿದ್ದೀರಿ? ಮತ್ತಾಯ 10:28 ಆತ್ಮ, ದೇಹ ಎರಡನ್ನೂ ನರಕದಲ್ಲಿ ನಾಶ ಮಾಡುವ ಮಾತು ಹೇಳುತ್ತದೆ. ನಾಶ ಅಂದರೆ ನಾಶ. ಅಡ್ವೆಂಟಿಸ್ಟ್ ಪಂಗಡದವರು ಹಾಗೇ ನಂಬುತ್ತಾರೆ. ಇಂಗ್ಲೆಂಡಿನ ಪಾದ್ರಿ ಜಾನ್ ಸ್ಟಾಟ್ ಅವರಂಥ ಸುವಾರ್ತಿಕರೂ 1988ರಲ್ಲಿ ಅಳುಕುತ್ತಲೇ ಅತ್ತ ವಾಲಿದ್ದರು.

ಬಳ್ಳಾರಿ ಬಿಸಿಲು

ಇನ್ನೊಂದು ತುದಿಯಲ್ಲಿ ಒರಿಗೆನ್, ನಿಸ್ಸದ ಗ್ರೆಗೊರಿ ಎಂಬ ಹಳೇ ಕಾಲದ ಕ್ರೈಸ್ತ ಗುರುಗಳು. ಬೆಂಕಿ ಕೊನೆಗೆ ಶುದ್ಧಮಾಡುತ್ತದೆ ಅಂದವರು. ಒರಿಗೆನ್ ಹೆಸರಿನ ಬೋಧನೆಗಳಿಗೆ 6ನೇ ಶತಮಾನದಲ್ಲಿ ಛೀಮಾರಿ ಬಿತ್ತು. ಗ್ರೆಗೊರಿ ಸಂತರಾಗಿಯೇ ಉಳಿದರು. ಯಾಕೆ ಹೀಗೆ ಅಂತ ಹೇಳಲು ಇನ್ನೊಂದು ಸಂಜೆ ಬೇಕು.

ನಿರ್ವಾಹಕರು

ಆ ಇನ್ನೊಂದು ಸಂಜೆಗೆ ಇನ್ನೊಂದು ಎಳೆ ತೆರೆಯಿರಿ. ಇಲ್ಲಿ ಟೀಚರ್ ಪ್ರಶ್ನೆಗೆ ಬನ್ನಿ.

ಇಕ್ಕಟ್ಟಾದ ಬಾಗಿಲು

ಎಲ್ಲ ಓದಿದೆ. ಎರಡು ದಿನ ಬರೆಯಲಿಲ್ಲ.

ಬಿಸಿಲು ಅವರೇ, ನೀವು ಹೇಳಿದ ಹಾಗೆ ನಾನೂ ಪೆನ್ಸಿಲ್ ಹಿಡಿದೆ. ಸರಿಯಾಗಿದೆ. ಆದರೂ ನನ್ನ ಮಾತು ಪೂರ್ತಿ ಬಿಡುವುದಿಲ್ಲ. ಒಳಗಿನವರಿಗೆ ಹೇಳಿದ್ದು ಅಂದ ಮಾತ್ರಕ್ಕೆ ಹೊರಗೆ ಅಪಾಯ ಇಲ್ಲ ಅಂತ ಆಗುವುದಿಲ್ಲ. ತೀರ್ಪಿನ ದಿನ ನಿನೆವೆ ಎಂಬ ಅನ್ಯಜನರ ಊರಿನವರೂ ಎದ್ದು ನಿಲ್ಲುತ್ತಾರೆ ಅಂತ ಅದೇ ಯೇಸು ಹೇಳಿದ್ದಾನೆ.

ಬಳ್ಳಾರಿ ಬಿಸಿಲು ಇದಕ್ಕೆ "ಹೌದು, ಆದರೆ ಅವರು ಎದ್ದು ಬೆರಳು ತೋರಿಸುವುದು ನಮ್ಮ ಕಡೆಗೆ" ಅಂತ ಬರೆಯುತ್ತಾರೆ ಅಂತ ಗೊತ್ತು. ಅದನ್ನೂ ಒಪ್ಪುತ್ತೇನೆ.

ಹೊರಗಿನವರೇ, ಆ ಕರಪತ್ರಕ್ಕೆ ಕ್ಷಮೆ ಇರಲಿ. ನಾನೂ ಬಸ್‌ಸ್ಟ್ಯಾಂಡಿನಲ್ಲಿ ಅಂಥದ್ದು ಹಂಚಿದವನು. ಯಾರ ಮನೆಯಲ್ಲಿ ಏನಾಗಿದೆ ಅಂತ ಒಮ್ಮೆಯೂ ಕೇಳಲಿಲ್ಲ. ಪೌಲ ರೋಮಾಪುರ 9ರಲ್ಲಿ, ನನ್ನ ಜನರಿಗಾಗಿ ನಾನೇ ಶಾಪಗ್ರಸ್ತನಾಗಿ ಕ್ರಿಸ್ತನಿಂದ ದೂರವಾದರೂ ಸರಿ ಅನ್ನುವಷ್ಟು ನೋವಿದೆ ಅನ್ನುತ್ತಾನೆ. ಅಪ್ಪ ಹೋದ ರಾತ್ರಿ ನನಗೆ ಆ ವಾಕ್ಯ ಅರ್ಥ ಆಗಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಮರೆತಿದ್ದೆ. ಆ ನೋವಿಲ್ಲದೆ ನರಕದ ಮಾತು ಆಡುವವರು ಬಾಯಿ ಮುಚ್ಚಿಕೊಂಡಿರುವುದು ವಾಸಿ. ನನ್ನನ್ನೂ ಸೇರಿಸಿ.

ರಾತ್ರಿ ಪಾಳಿ

ನಾನು ಐರ್ಲೆಂಡಿನಲ್ಲಿ ನರ್ಸ್. ಊರು ಚಿಕ್ಕಮಗಳೂರು ಕಡೆ. ಕೊನೆಗಾಲದ ರೋಗಿಗಳ ವಾರ್ಡು.

ಸಾಯುವವರಲ್ಲಿ ನರಕದ ಮಾತು ಎತ್ತುವವರು ಕಡಿಮೆ. ಎತ್ತಿದವರೆಲ್ಲ ಚರ್ಚಿಗೆ ಹೋಗುತ್ತಿದ್ದವರೇ. ಒಬ್ಬ ಮುದುಕ ಇದ್ದರು. ಫಾದರ್ ಬಂದು ಪಾಪನಿವೇದನೆ ಕೇಳಿ, ಎಣ್ಣೆ ಹಚ್ಚಿ ಹೋದ ಮೇಲೂ ನಿದ್ದೆ ಇಲ್ಲ. ರಾತ್ರಿ ಎರಡು ಗಂಟೆಗೆ ನನ್ನ ಕೈ ಹಿಡಿದು, ತಮ್ಮನ ಜೊತೆ ಗದ್ದೆ ವಿಷಯಕ್ಕೆ 30 ವರ್ಷದಿಂದ ಮಾತು ಬಿಟ್ಟಿದ್ದೇನೆ ಅಂದರು. ನಮ್ಮ ಊರಿನ ಕತೆಯೇ ಅನಿಸಿತು. ಬೆಳಿಗ್ಗೆ ಫೋನ್ ಹಚ್ಚಿಕೊಟ್ಟೆ. ಅತ್ತ ಎತ್ತಲಿಲ್ಲ. ಮಧ್ಯಾಹ್ನ ಎತ್ತಿದರು. ಇಬ್ಬರೂ ದನಗಳ ವಿಷಯ ಮಾತಾಡಿದರು. ಕ್ಷಮೆ ಗಿಮೆ ಏನೂ ಇಲ್ಲ. ಆ ರಾತ್ರಿ ಅವರು ಮಲಗಿದರು.

ನಾನು ಪಾಳಿ ಮುಗಿಸಿ ಬಂದು ನನ್ನ ಅಕ್ಕನಿಗೆ ಫೋನ್ ಮಾಡಿದೆ. ಅಮ್ಮನ ಬಳೆ ವಿಷಯಕ್ಕೆ ನಾವು ಮಾತು ಬಿಟ್ಟು ನಾಲ್ಕು ವರ್ಷ ಆಗಿತ್ತು. ಮಳೆ ಹೇಗಿದೆ ಅಂತ ಕೇಳಿದೆ. ಜೋರು ಅಂದಳು.

ಟೀಚರ್, ನಿಮ್ಮ ಎರಡನೇ ಪ್ರಶ್ನೆಗೆ ನನ್ನ ಹತ್ತಿರ ಇರುವುದು ಇಷ್ಟೇ.

ಭಾನುವಾರದ ಟೀಚರ್

ನಿನ್ನೆ ಪಾಠ ಆಯಿತು. ಏನಾಯಿತು ಹೇಳುತ್ತೇನೆ.

ಮಗುವನ್ನು ಪಕ್ಕಕ್ಕೆ ಕೂರಿಸಿಕೊಂಡು ಹೇಳಿದೆ. "ಅಜ್ಜಿ ಎಲ್ಲಿದ್ದಾರೆ ಅಂತ ನನಗೆ ಗೊತ್ತಿಲ್ಲ. ಹೋದ ವಾರ ಅದನ್ನು ಸರಿಯಾಗಿ ಹೇಳದೆ ಓಡಿದೆ, ತಪ್ಪಾಯಿತು. ಆದರೆ ಅಜ್ಜಿಗೆ ಬಾಯಾರಿದಾಗ ನೀನು ಚಮಚದಲ್ಲಿ ನೀರು ಕೊಟ್ಟೆ. ನಿನಗಿರುವಷ್ಟು ಕರುಣೆ ದೇವರಿಗೆ ಇರುವುದಿಲ್ಲವಾ?" ಆದಿಕಾಂಡ 18ರಲ್ಲಿ ಅಬ್ರಹಾಮ ಕೇಳುತ್ತಾನಲ್ಲ, ಸರ್ವಲೋಕಕ್ಕೆ ನ್ಯಾಯ ತೀರಿಸುವವನು ನ್ಯಾಯ ನಡೆಸದೆ ಇರುವನೇ ಅಂತ. ಅದನ್ನೇ ಅವಳ ಭಾಷೆಯಲ್ಲಿ ಹೇಳಲು ನೋಡಿದೆ. ಬಾಗಿಲು ಅವರೇ, ಸುಳ್ಳು ಹೇಳಲಿಲ್ಲ ಅಂದುಕೊಂಡಿದ್ದೇನೆ.

ಅವಳು ಸ್ವಲ್ಪ ಯೋಚಿಸಿ, "ಮತ್ತೆ ಲಾಜರ ಗೇಟಲ್ಲಿ ಇದ್ದಾಗ ಅವನಿಗೆ ಯಾರೂ ಯಾಕೆ ನೀರು ಕೊಡಲಿಲ್ಲ?" ಅಂದಳು.

11 ವರ್ಷದಲ್ಲಿ ಆ ಕತೆಯನ್ನು ಎಷ್ಟೋ ಸಲ ಪಾಠ ಮಾಡಿದ್ದೇನೆ. ಪ್ರತಿ ಸಲ ಬೆಂಕಿ ಹತ್ತಿರವೇ ನಿಲ್ಲುತ್ತಿದ್ದೆ, ಗೇಟಿನ ಹತ್ತಿರ ನಿಂತಿದ್ದೇ ಇಲ್ಲ. ಸಾಹುಕಾರ ಕೊಲೆ ಮಾಡಿದ, ಕದ್ದ ಅಂತ ಕತೆಯಲ್ಲಿ ಎಲ್ಲೂ ಇಲ್ಲ. ಬಡವನಿಗೆ ಹೆಸರಿದೆ, ಸಾಹುಕಾರನಿಗೆ ಇಲ್ಲ. ಉರಿಯಲ್ಲಿ ಬಿದ್ದ ಮೇಲೂ ಅವನು ಲಾಜರನ ಜೊತೆ ಮಾತಾಡುವುದಿಲ್ಲ. "ಅವನನ್ನು ಕಳಿಸು" ಅಂತ ಅಬ್ರಹಾಮನಿಗೆ ಹೇಳುತ್ತಾನೆ, ಆಳಿಗೆ ಹೇಳಿ ಕಳಿಸಿದ ಹಾಗೆ.

ನಮ್ಮ ಚರ್ಚಿನ ಗೇಟಿನಲ್ಲಿ ಒಬ್ಬರು ಅಜ್ಜಿ ಕೂರುತ್ತಾರೆ. ನಾನು ಪಾಠ ಶುರು ಮಾಡಿದಾಗಿನಿಂದ ಇದ್ದಾರೆ. ಹತ್ತು ರೂಪಾಯಿ ಹಾಕಿ ಒಳಗೆ ಹೋಗುತ್ತೇನೆ. ನಿನ್ನೆ ಆರಾಧನೆ ಮುಗಿದ ಮೇಲೆ ಹತ್ತಿರ ಕೂತು ಹೆಸರು ಕೇಳಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಯಾಕವ್ವಾ, ರೇಷನ್ ಕಾರ್ಡಿನವರಾ?" ಅಂದರು.

ಹೊರಗಿನವನು

ಹೆಸರು ಹೇಳಿದರಾ?

ಭಾನುವಾರದ ಟೀಚರ್

ಹೇಳಿದರು. ಕಾಫಿ ತರಿಸಿಕೊಡುತ್ತೇನೆ ಅಂದೆ. ಸಕ್ಕರೆ ಜಾಸ್ತಿ ಇರಲಿ ಅಂದರು.